ಭಾನುವಾರದ ನಸುಕಿನ ಬೇಟೆಗಾರರಿಗೆ ಒಂದು ಬಹಿರಂಗ ಪತ್ರ

ಕೇಶ್ವಾಪುರ, ಹುಬ್ಬಳ್ಳಿ

ಉದ್ದ ಲೆನ್ಸಿನ ಮಹನೀಯರಿಗೆ ಶರಣು.

ಬೇಟೆಗಾರ ಅಂದದ್ದಕ್ಕೆ ಸಿಟ್ಟಾಗಬೇಡಿ. ಆ ಬಿರುದು ನಾನು ಕೊಟ್ಟದ್ದಲ್ಲ, ಸಂಸತ್ತು ಕೊಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಲ್ಲುವುದನ್ನಷ್ಟೇ ಬೇಟೆ ಅನ್ನುವುದಿಲ್ಲ. ಕಾಡುಜೀವಿಯನ್ನು ಅಟ್ಟುವುದು, ಆಮಿಷ ಒಡ್ಡುವುದು, ಹಕ್ಕಿಯ ಗೂಡು, ಮೊಟ್ಟೆ ಕೆದಕುವುದು ಎಲ್ಲವೂ ಆ ವ್ಯಾಖ್ಯೆಯೊಳಗಿವೆ. ಆದ್ದರಿಂದ ಕಳೆದ ಚಳಿಗಾಲ ಮಾಗಡಿ ಕೆರೆಯ ದಂಡೆಯಲ್ಲಿ ನಿಂತು, ಹೆಬ್ಬಾತುಗಳ ಹಿಂಡು ಒಮ್ಮೆಲೇ ಏಳಲಿ ಅಂತ ನೀರಿಗೆ ಕಲ್ಲು ಬೀಸಿದ ತಾವು "ನಾವು ಬರೇ ಫೋಟೋ ತಗಿಯವ್ರರಿ" ಅಂದದ್ದು ಅತಿ ವಿನಯವಾಯಿತು.

ಆ ಪಟ್ಟೆತಲೆ ಹೆಬ್ಬಾತುಗಳದ್ದೂ ತಪ್ಪಿದೆ ಬಿಡಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿಗೆ ಬಂದ ಮೇಲೆ, ಸುತ್ತಲ ಹೊಲದಲ್ಲಿ ಮೇದು ಹಗಲು ಕೆರೆಯಲ್ಲಿ ತೂಕಡಿಸುತ್ತಾ ಕೂತರೆ ಹೇಗೆ? ಅಷ್ಟು ದೂರ ಹಾರಿ ಬಂದವಕ್ಕೆ ತಮ್ಮ ಕ್ಯಾಮೆರಾ ಮುಂದೆ ಇನ್ನೊಂದು ಸುತ್ತು ಭಾರವೇ? 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಅದರ ಅರ್ಥ. ತಾವು ಅದನ್ನು ಅಂತರರಾಷ್ಟ್ರೀಯ ಮಟ್ಟದ ಸ್ಟುಡಿಯೋ ಅಂತ ತಿಳಿದಂತಿದೆ.

ದೂರ ಹೋಗುವುದು ಯಾಕೆ, ನಮ್ಮ ಕುಸುಗಲ್ ರಸ್ತೆಗೇ ಬನ್ನಿ. ಮೊನ್ನೆ ಜಾಲಿ ಕಂಟಿಯ ಈ ಮಗ್ಗುಲಿಗೆ ಒಬ್ಬರು ಜೇಬಿನ ಸ್ಪೀಕರಿನಲ್ಲಿ ಗೌಜಲಹಕ್ಕಿಯ ಕೂಗು ಹಾಕಿದರು. ಆ ಮಗ್ಗುಲಿಂದ ಮರುಕೂಗು ಬಂತು. ಇವರು ಮೊಳಕಾಲೂರಿ ಮುಂದೆ ಸರಿದರು, ಕೂಗೂ ಹತ್ತಿರ ಸರಿಯಿತು. ಎದೆ ಡವಡವ. ಕಂಟಿ ಸರಿಸಿ ನೋಡಿದರೆ ಅಲ್ಲೂ ಅದೇ ಹಸಿರು ಚುಕ್ಕೆಯ ಅಂಗಿ, ಅದೇ ಟೊಪ್ಪಿಗೆ, ಜೇಬಿನಲ್ಲಿ ಅಂಥದೇ ಸ್ಪೀಕರು! "ಇದು ನನ್ನ ಸ್ಪಾಟ್ ರೀ" ಅಂತ ಇವರು, "ನಿಮ್ಮಪ್ಪಂದೇನು?" ಅಂತ ಅವರು. ನಿಜವಾದ ಗೌಜಲ ಈ ಸಂವಾದದಲ್ಲಿ ಭಾಗವಹಿಸಲಿಲ್ಲ.

ಅಮೆರಿಕದಲ್ಲಿ ಇದೇ ಆಟವನ್ನು ಬಂದೂಕು ಹಿಡಿದು ಆಡುತ್ತಾರೆ. ವಸಂತದಲ್ಲಿ ಸರ್ಕಾರಿ ಕಾಡಿಗೆ ಹೋಗಿ, ಹೆಣ್ಣು ಟರ್ಕಿ ಕೋಳಿಯಂತೆ ಕೂಗಿ ಹುಂಜವನ್ನು ಕರೆಯುವುದು. ಕಾಡು ಎಲ್ಲರದೂ ಆದ್ದರಿಂದ ಒಬ್ಬನ ಕೂಗಿಗೆ ಇನ್ನೊಬ್ಬ ಬೇಟೆಗಾರ ತೆವಳಿಕೊಂಡು ಬಂದು, ಕೋಳಿ ಅಂತ ಮನುಷ್ಯನಿಗೇ ಗುಂಡು ಬಿದ್ದದ್ದುಂಟು. ಅದಕ್ಕೇ ಅಲ್ಲಿ ಬಲ್ಲವರು ಒಂದು ರೂಢಿ ಇಟ್ಟುಕೊಂಡಿದ್ದಾರೆ: ದಾರಿಯ ತುದಿಗೆ ಬೇರೆಯವರ ಗಾಡಿ ನಿಂತಿತ್ತೋ, ಸುಮ್ಮನೆ ಮುಂದಿನ ಜಾಗಕ್ಕೆ ನಡೆ. ನಮ್ಮಲ್ಲಿ ಗಾಡಿ ನಿಂತಿತ್ತು ಅಂದರೆ ಅಲ್ಲೇ ಏನೋ ಇದೆ ಅಂತ ಅರ್ಥ. ಅರ್ಧ ಗಂಟೆಯಲ್ಲಿ ಹಿಂದೆ ಎಂಟು ಗಾಡಿ!

ಇನ್ನೊಂದು ಮಾತು, ಇದು ಸ್ವಲ್ಪ ಚುಚ್ಚಬಹುದು. ಅದೇ ಅಮೆರಿಕದಲ್ಲಿ 1937ರ ಒಂದು ಕಾನೂನಿನಂತೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಕೊಲ್ಲುವವರು ಕಾಸು ಬಿಚ್ಚುತ್ತಾರೆ. ಪ್ರೀತಿಸುವ ನಾವು ಮಾಗಡಿಯಲ್ಲಿ ಬಿಟ್ಟು ಬರುವುದು ಚಿಪ್ಸಿನ ಪಾಕೀಟು. ಚಹಾದ ಕಾಸು ಕೂಡ ಬಿಚ್ಚುವುದು ಲಕ್ಷ್ಮೇಶ್ವರಕ್ಕೆ ಹೋಗಿ.

ಹಾಗಂತ ನಿಮ್ಮನ್ನು ಬರಬೇಡಿ ಅನ್ನಲು ನಾನ್ಯಾರು? ನನ್ನ ಹೆಗಲಿಗೂ ಒಂದು ಕ್ಯಾಮೆರಾ ಇದೆ, ನಿಮ್ಮದಕ್ಕಿಂತ ಗಿಡ್ಡ. ಈ ಪತ್ರಕ್ಕೆ ಹೊಟ್ಟೆಕಿಚ್ಚೂ ಒಂದು ಕಾರಣ ಅಂತ ನೀವು ಅನ್ನಬಹುದು, ಅನ್ನಿ. ಕೆರೆ ಸರ್ಕಾರದ್ದು, ರಸ್ತೆ ಸರ್ಕಾರದ್ದು. ಹೊಲ ಮಾತ್ರ ರೈತನದು, ಇದೊಂದು ಸಣ್ಣ ತಿದ್ದುಪಡಿ. "ಕಡ್ಲಿ ತುಳೀಬ್ಯಾಡ್ರೀ ಸಾಹೇಬ್ರ" ಅಂದ ಮುದುಕನಿಗೆ "ಒಂದ ನಿಮಿಷ ತಡೀ ಅಜ್ಜಾ, ಹಕ್ಕಿ ಹಾರತೈತಿ" ಅಂತ ಬೆರಳು ತುಟಿಗಿಟ್ಟು ಗದರಿದಿರಲ್ಲ, ಆ ಅಜ್ಜ ನಿಮಗೊಂದು ಸಂಗತಿ ಹೇಳಲು ಮರೆತ. ಇಬ್ಬನಿಯ ಹೊತ್ತಿನಲ್ಲಿ ಕಡಲೆ ಗಿಡದ ಎಲೆ ಮೇಲೆ ಹುಳಿ ಇರುತ್ತದೆ, ಚರ್ಮದ ಬೂಟನ್ನು ತಿಂದು ಹಾಕುತ್ತದೆ. ಹಕ್ಕಿಯ ಸಲುವಾಗಿ ಬೇಡ, ಅಜ್ಜನ ಸಲುವಾಗಿಯೂ ಬೇಡ. ಬೂಟಿಗೆ ಕೊಟ್ಟ ರೊಕ್ಕ ನೆನೆದಾದರೂ ಬದುವಿನ ಮೇಲೆ ನಡೆಯಿರಿ.

ಇತಿ ತಮ್ಮ ಸಹ-ಬೇಟೆಗಾರ,
ಕೇಶ್ವಾಪುರದವ