ಮುಹೂರ್ತದ ಮಾವ

ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿಯ ಕಂಬಗಳನ್ನಾದರೂ ಎಣಿಸಿ ಮುಗಿಸಬಹುದು, ಹಾಸ್ಟೆಲುಗಳನ್ನಲ್ಲ. ಇಂಥ ಊರಿನಲ್ಲಿ ಮದುವೆಗಿಂತ ಪರೀಕ್ಷೆಗೆ ಮುಹೂರ್ತ ಇಡುವವರೇ ಜಾಸ್ತಿ. ಅವರಲ್ಲೊಬ್ಬರು ನನ್ನ ಪಾಲಿಗೆ ಬಂದಿದ್ದಾರೆ. ನೆಂಟಸ್ತಿಕೆ ಬಲು ದೂರದ್ದು. ಮಗಳು ಸೈನ್ಸ್ ತೆಗೆದುಕೊಂಡ ದಿನದಿಂದ ಹತ್ತಿರದ ಮಾವ.

ಮಾವನಿಗೆ ಮಕ್ಕಳಿಲ್ಲ. ಹಾಗಾಗಿ ಊರಿನ ಎಲ್ಲ ಹಾಲ್‌ಟಿಕೆಟುಗಳ ಚಿಂತೆಯೂ ಅವರದೇ. ಹತ್ತು ವರ್ಷದ ಕಟಾಫ್ ಬಾಯಿಪಾಠ, ಅತ್ತೆಯ ಫೋನ್ ನಂಬರ್ ಗೊತ್ತಿಲ್ಲ. ಅವರ ಪ್ರಕಾರ ನೆಗೆಟಿವ್ ಮಾರ್ಕಿಲ್ಲದ ಸಿಇಟಿ ಹಟ್ಟಿಯ ದನ, ನೀಟ್ ಕಂಬಳದ ಕೋಣ.

2023ರ ನವೆಂಬರ್. ವೇಣೂರಿನ ಬಸ್ಸಿಗೆ ಓಡುತ್ತಿದ್ದೆ. "ಮಾರಾಯಾ, ಜೆಇಇ ಜನವರಿಯಾ ಏಪ್ರಿಲಾ?" ಎಂಬ ಪ್ರಶ್ನೆ ಹಿಂದಿನಿಂದ ಬಂದು ಅಂಗಿ ಹಿಡಿಯಿತು. ಹೋಟೆಲು ಹೊಕ್ಕೆವು. ಗೋಳಿಬಜೆಯ ಎಣ್ಣೆ ಹೀರಿದ ಕಾಗದದ ಮೇಲೆ ಮಾವ ಗೆರೆ ಎಳೆದರು. ಜನವರಿ 24ರೊಳಗೆ ಪೋರ್ಷನ್ ಮುಗಿಯುವುದಿಲ್ಲ. ಏಪ್ರಿಲಿಗೆ ಇಟ್ಟರೆ ಹಿಂದೆ ಪಿಯುಸಿ, ಮುಂದೆ ಸಿಇಟಿ, ಮೇ 5ಕ್ಕೆ ನೀಟ್. ಎರಡೂ ಸಲ ಬರೆದರೆ ಒಳ್ಳೆಯ ಸ್ಕೋರನ್ನೇ ಹಿಡಿಯುತ್ತಾರೆ, ಹಾಗಾದರೆ ಬರೆಯಲಿ. ಆದರೆ ಜನವರಿಯಲ್ಲಿ ಕಮ್ಮಿ ಬಂದು ಹುಡುಗಿ ಕುಗ್ಗಿದರೆ? ಸಿಇಟಿ ರ‍್ಯಾಂಕಿಗೆ ಪಿಯುಸಿ ಮಾರ್ಕು ಅರ್ಧ ಉಂಟಲ್ಲ! ಹಾಗಾದರೆ ಬೇಡ. ಆದರೆ ಈ ವರ್ಷದಿಂದ ಪಿಯುಸಿಯೇ ಮೂರು ಸಲವಂತೆ...

ಮೂರು ಬಸ್ಸು ಹೋದವು. ಬಿಲ್ಲು ನನ್ನದು. ತೀರ್ಮಾನ: "ನಾಳೆ ನೋಡುವ."

ಇಂಥ ನಾಳೆಗಳು ಎಷ್ಟಾದವೋ, ಅರ್ಜಿಯ ಕೊನೆಯ ದಿನವೆಂದು ಗೊತ್ತಾಗಿ ಏದುಸಿರು ಬಿಡುತ್ತಾ ಮನೆಗೆ ಓಡಿದೆ. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಜನವರಿಗೆ ಹಾಕಿ ಎರಡು ವಾರ ಆಯ್ತಪ್ಪ. ಒಟಿಪಿ ಹೇಳಿದ್ದು ನೀವೇ." ಅದು ಗ್ಯಾಸ್ ಸಿಲಿಂಡರಿನದ್ದು ಅಂದುಕೊಂಡಿದ್ದೆ. ಮಾವನಿಗೆ ಈ ಸುದ್ದಿ ಹೇಳಲಿಲ್ಲ. ಗೋಳಿಬಜೆ ಇನ್ನೂ ಕೆಲವು ದಿನ ನಡೆಯಿತು.

2024ರ ಏಪ್ರಿಲ್ 18, ಸಿಇಟಿ. ಕೇಂದ್ರದ ಗೇಟಿನ ಹೊರಗೆ ಮಾವ ಕೊಡೆ ಹಿಡಿದು ನಿಂತಿದ್ದರು. ಒಳಗೆ ಅವರವರು ಯಾರೂ ಇರಲಿಲ್ಲ. ಅಂಗಿಯ ಕಿಸೆಯಲ್ಲಿ ನಾಲ್ಕು ಬಾಲ್‌ಪೆನ್ನು. ಪೆನ್ನು ಮರೆತು ಬಂದ ಹುಡುಗನೊಬ್ಬ ಒಂದನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಓಡಿದ. ಹತ್ತೂವರೆಗೆ ಬಯಾಲಜಿ ಶುರುವಾಯಿತು. ಮಾತಿಗೆ ಏನೂ ಉಳಿಯದೆ, ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದೆ: "ಮಾವ, ನೀವು ಪಿಯುಸಿ ಎಲ್ಲಿ?"

"ಇಲ್ಲೇ. ಮ್ಯಾತ್ಸ್ ಹೋಯಿತು. ಅಕ್ಟೋಬರಿಗೆ ಕಟ್ಟಬಹುದಿತ್ತು." ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ನೇಜಿಯ ಗಡಿಬಿಡಿ ನೋಡು. ಡೇಟು ಹೋದದ್ದೇ ಗೊತ್ತಾಗಲಿಲ್ಲ."

ಹನ್ನೊಂದು ಐವತ್ತಕ್ಕೆ ಬೆಲ್ಲಾಯಿತು. ಮಕ್ಕಳು ಹೊರಗೆ ಬಂದರು, ಮಗಳೂ ಬಂದಳು. ಊಟಕ್ಕೆ ಮನೆಗೆ ಬನ್ನಿ ಎಂದು ಮಾವನನ್ನು ಕರೆದೆ. ಅವರು ಕಿಸೆ ಮುಟ್ಟಿ ಉಳಿದ ಮೂರು ಪೆನ್ನು ನೋಡಿಕೊಂಡರು.

"ನೀವು ಹೋಗಿ. ಎರಡೂವರೆಗೆ ಮ್ಯಾತ್ಸ್ ಉಂಟಲ್ಲ."