ಸೈಡ್‌ವಿಂಗ್ ಇಲ್ಲದ ವೈವಾ

ಸಿಇಟಿ ಸೀಟು ಹಂಚಿಕೆ ಮುಗಿದರೆ ತುಮಕೂರಿನಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಹಾವಳಿ. ಗುಬ್ಬಿ, ಕುಣಿಗಲ್ ಕಡೆಯವರು ಮಕ್ಕಳನ್ನು ಕರೆತಂದು, "ಇನ್ಫರ್ಮೇಶನ್ ಸೈನ್ಸ್ ಸಿಕ್ಕೈತೆ ಕಣಣ್ಣ, ನಾಕು ಬುದ್ಧಿಮಾತು ಹೇಳು" ಎಂದು ನನ್ನೆದುರು ಕೂರಿಸುತ್ತಾರೆ. ಹುಡುಗ ಮೊಬೈಲ್ ನೋಡುತ್ತಾನೆ, ನಾನು ಹುಡುಗನನ್ನು ನೋಡುತ್ತೇನೆ.

ನಮ್ಮಲ್ಲಿ ಕಾಲೇಜಿಗೇನೂ ಬರವಿಲ್ಲ. ಸಿದ್ಧಗಂಗಾ ಕಾಲೇಜು 1963ರದು, ಸಿದ್ಧಾರ್ಥ 1979ರದು, ಗುಬ್ಬಿಯಲ್ಲೇ ಚನ್ನಬಸವೇಶ್ವರ ಕಾಲೇಜಿದೆ. ಎಲ್ಲಿ ಸೇರಿದರೂ ಮೊದಲು ಕಲಿಯಬೇಕಾದದ್ದು ಕೋಡಿಂಗ್ ಅಲ್ಲ, ಹೊತ್ತಿಗೆ ಸರಿಯಾಗಿ ಬೆಂಚಿನ ಮೇಲೆ ಕೂರುವುದು. ವಿಟಿಯು ಕಾಲೇಜಾದರೆ ಶೇ. 85 ಹಾಜರಿ ಬೇಕು. ಕುಣಿಗಲ್ಲಿನಿಂದ ತುಮಕೂರಿಗೆ ರೈಲಿಲ್ಲ, ಬಸ್ಸೇ ಗತಿ. ಹುಡುಗಿಯರು ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಸೀಟು ಹಿಡಿದಿರುತ್ತಾರೆ. ಕಾಸು ಕೊಟ್ಟು ಪಾಸ್ ಮಾಡಿಸಿದ ಗಂಡುಮಕ್ಕಳು ಫುಟ್‌ಬೋರ್ಡ್ ಮೇಲೆ. "ಬಸ್ ಲೇಟು ಸಾರ್" ಎಂಬ ಮಾತಿಗೆ ಮೊದಲ ವಾರ ಕನಿಕರ ಸಿಗುತ್ತದೆ, ಆಮೇಲೆ ಅಟೆಂಡರ್ ಕೂಡ ನಂಬುವುದಿಲ್ಲ. ಒಂದು ಬಸ್ ಮುಂಚೆ ಹತ್ತಬೇಕು, ಅಷ್ಟೇ.

ಆಮೇಲೆ ಲ್ಯಾಬ್ ರೆಕಾರ್ಡ್. ಕಂಪ್ಯೂಟರ್ ಓದಲು ಬಂದವನು ಪೆನ್ನು ಹಿಡಿದು ಪ್ರೋಗ್ರಾಂ ಬರೆಯುವುದು ತಮಾಷೆಯೇ ಸರಿ. ಆದರೂ ನಾನು ರೆಕಾರ್ಡಿನ ಪಕ್ಷ. ಕಾಪಿ ಹೊಡೆಯುವಾಗಲೂ ಸೆಮಿಕೋಲನ್ ಎಲ್ಲಿ ಬಂತೆಂದು ಕೈಗಾದರೂ ಗೊತ್ತಾಗುತ್ತದೆ.

ಈಗಿನವರು ಅದನ್ನೂ ಚಾಟ್‌ಜಿಪಿಟಿಗೆ ಒಪ್ಪಿಸಿದ್ದಾರೆ. ಗುಬ್ಬಿ ಎಂದರೆ 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು. ಮಾತು ಮರೆತ ಪಾತ್ರಧಾರಿಗೆ ಸೈಡ್‌ವಿಂಗಿನಿಂದ ಪಿಸುಗುಟ್ಟುವವನ ಬೆಲೆ ಆ ಊರಿಗೆ ಗೊತ್ತು. ಚಾಟ್‌ಜಿಪಿಟಿಯೂ ಹಾಗೆ ಪಿಸುಗುಟ್ಟುವವನೇ, ಆದರೆ ವೈವಾದಲ್ಲಿ ಸೈಡ್‌ವಿಂಗ್ ಇರುವುದಿಲ್ಲ. ಹೊರಗಿನಿಂದ ಬಂದ ಎಕ್ಸಾಮಿನರ್ ಕನ್ನಡಕ ಏರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಲೂಪ್ ಸೊನ್ನೆಯಿಂದ ಯಾಕಪ್ಪ ಶುರುವಾಗುತ್ತೆ?" ಎನ್ನುತ್ತಾರೆ. ಹುಡುಗ ಫ್ಯಾನ್ ನೋಡುತ್ತಾನೆ. ಫ್ಯಾನಿಗೂ ಗೊತ್ತಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವವನು ಇನ್ನೊಬ್ಬ: ಉತ್ತರ ಗೊತ್ತಿದ್ದೂ ಇಂಗ್ಲಿಷಿಗೆ ಹೆದರಿ ಬಾಯಿ ಮುಚ್ಚಿಕೊಂಡವನು. "ಸಾರ್, ಕನ್ನಡದಲ್ಲಿ ಹೇಳ್ಲಾ?" ಎಂದು ಕೇಳಿದರೆ ಯಾರೂ ಹೊಡೆಯುವುದಿಲ್ಲ. ಕನ್ನಡ ಬಾರದವರಿಗೆಂದು ವಿಟಿಯು 'ಬಳಕೆ ಕನ್ನಡ'ವನ್ನೇ ಪಾಠಕ್ಕಿಟ್ಟಿದೆ. ಕನ್ನಡ ಬಲ್ಲವನಿಗೆ ಯಾಕೆ ಸಂಕೋಚ? ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಅಲ್ಲೇ ಕೈ ಎತ್ತಿ ಕೇಳುವವನು ಬ್ಯಾಕ್ ಇಟ್ಟುಕೊಂಡದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಅಪ್ಪ, ಮಾವಂದಿರಿಗೆ ಒಂದು ವಿನಂತಿ. ಅಡ್ಮಿಷನ್ ಆದ ದಿನದಿಂದ ಮಗ ಮನೆಗೆ ಕಂಪ್ಯೂಟರ್ ಇಂಜಿನಿಯರು: ಅತ್ತೆಯ ಟಿವಿ, ಚಿಕ್ಕಪ್ಪನ ಗ್ಯಾಸ್ ಕೆವೈಸಿ, ಅಜ್ಜನ ಪಹಣಿ ಎಲ್ಲ ಅವನ ತಲೆಗೆ. ಈ ಓಡಾಟದಲ್ಲಿ ಓದು ತಪ್ಪಿ ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ಪಹಣಿ ಬೇಕಿದ್ದರೆ ದಯವಿಟ್ಟು ನಾಡಕಚೇರಿಗೆ ಹೋಗಿ ತೆಗೆಸಿಕೊಳ್ಳಿ.