2100ನೇ ದಿನಕ್ಕೆ ಆಹ್ವಾನ

ಇವರಿಗೆ: ಮಾತ್ರೆಗಳ ಸ್ಟ್ರಿಪ್ ಹೇಗಿರಬೇಕೆಂದು ತೀರ್ಮಾನಿಸುವ ಮಹನೀಯರು, ಎಲ್ಲ ಔಷಧ ಕಂಪನಿಗಳು
ವಿಷಯ: ನಿವೃತ್ತಿಯ ನಂತರ ನೌಕರಿ ಕೊಟ್ಟಿದ್ದಕ್ಕೆ ಧನ್ಯವಾದ ಸಲ್ಲಿಸುವ ಬಗ್ಗೆ
ಉಲ್ಲೇಖ: ಡಾಕ್ಟರ ಚೀಟಿ, 1-0-1, 1-0-0, 0-0-1

ಮಾನ್ಯರೇ,

ಖಜಾನೆ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಇನ್ನು ಇವರಿಗೆ ಹೊತ್ತು ಹೋಗುವುದು ಹೇಗಪ್ಪಾ ಎಂದು ನೆಂಟರಿಷ್ಟರು ಮರುಗುತ್ತಿದ್ದರು. ಅಷ್ಟರಲ್ಲಿ ನನಗೆ ಶುಗರ್, ಬಿಪಿ, ಹೃದಯದ ಕಡೆಯಿಂದ ಒಂದು ನೋಟಿಸು, ನಮ್ಮ ಮನೆಯವರಿಗೆ ಥೈರಾಯ್ಡ್, ಹೀಗೆ ಒಂದೊಂದೇ ಬಂದು ಸೇರಿದವು. ತಾವು ನನ್ನನ್ನು ಮರುನೇಮಕ ಮಾಡಿಕೊಂಡಿರಿ. ಹುದ್ದೆ: ಇಬ್ಬರ ಮಾತ್ರೆಗಳ ದಾಸ್ತಾನು ಗುಮಾಸ್ತ. ಸಂಬಳವಿಲ್ಲ, ಭಾನುವಾರದ ರಜೆಯೂ ಇಲ್ಲ.

ತಮ್ಮ ಗಣಿತಪ್ರೇಮಕ್ಕೆ ಮೊದಲ ನಮಸ್ಕಾರ. ಶುಗರ್ ಮಾತ್ರೆ ಸ್ಟ್ರಿಪ್ಪಿಗೆ 10, ಬಿಪಿಯದು 15, ಆಸ್ಪಿರಿನ್ 14, ಥೈರಾಯ್ಡಿನದು ಬಾಟಲಿಗೆ 100. ಶಾಲೆಯಲ್ಲಿ ಮೇಷ್ಟ್ರು ಲ.ಸಾ.ಅ. ಹೇಳಿಕೊಡುವಾಗ ಇದರಿಂದ ಏನು ಉಪಯೋಗ ಸಾರ್ ಎಂದು ಹಿಂದಿನ ಬೆಂಚಿನವರು ಕೇಳಿದ್ದರು. ಉತ್ತರ ಈಗ ಸಿಕ್ಕಿತು. ದಿನಕ್ಕೊಂದರಂತೆ ನುಂಗುತ್ತಾ ಹೋದರೆ ಈ ನಾಲ್ಕೂ ಒಂದೇ ದಿನ ಖಾಲಿಯಾಗುವುದು 2100 ದಿನಕ್ಕೊಮ್ಮೆ, ಎಂದರೆ ಸುಮಾರು ಐದೂಮುಕ್ಕಾಲು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಯಾವುದೋ ಒಂದು ಮುಗಿಯುತ್ತಲೇ ಇರುತ್ತದೆ, ನಾನು ಮೆಡಿಕಲ್ ಶಾಪಿನ ಮುಂದೆ ನಿಲ್ಲುತ್ತಲೇ ಇರುತ್ತೇನೆ.

ಅಂಗಡಿಯ ಹುಡುಗ ಕತ್ತರಿ ಆಡಿಸಿ ನಾಲ್ಕು ಮಾತ್ರೆ ಕೊಟ್ಟರೆ ಎಕ್ಸ್‌ಪೈರಿ ದಿನಾಂಕ ಅವನ ತುಂಡಿನಲ್ಲೇ ಉಳಿದುಬಿಡುತ್ತದೆ. ಇಡೀ ಸ್ಟ್ರಿಪ್ ತಂದರೂ ಸುಖವಿಲ್ಲ. ಬೆಳ್ಳಿ ಹಾಳೆಯ ಅಂಚಿನಲ್ಲಿ ಮಸಿ ಸೋಕಿಸದೆ ಬರೀ ಒತ್ತಿರುತ್ತೀರಿ. ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಹಳಗನ್ನಡ ಶಾಸನ ಓದುವವರಂತೆ ಕಣ್ಣು ಕಿರಿದು ಮಾಡಬೇಕು. ಶಾಸನದಲ್ಲಾದರೂ ಕನ್ನಡವಿರುತ್ತದೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಮ್ಮಗಳು ಮೊಬೈಲ್ ಹಿಡಿದರೆ ತಯಾರಕರ ವಿಳಾಸ, ಬ್ಯಾಚ್ ನಂಬರು ಎಲ್ಲ ಬರುತ್ತದೆ. ತಾತ ಬೆಳಿಗ್ಗೆ ಇದನ್ನು ನುಂಗಿದರೋ ಇಲ್ಲವೋ ಎಂಬುದೊಂದು ಬಿಟ್ಟು.

ವೇಳಾಪಟ್ಟಿಯ ಕೀರ್ತಿ ಡಾಕ್ಟರರಿಗೂ ಸಲ್ಲಬೇಕು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ; ಆಮೇಲೆ ಅರ್ಧ ಗಂಟೆಯಾದರೂ ಕಾಫಿ ಕೂಡದು. ಡಿಕಾಕ್ಷನ್ನಿನ ವಾಸನೆ ಮೂಗಿಗೆ ಹೊಡೆಯುತ್ತಿರುವಾಗ ಅರ್ಧ ಗಂಟೆ ಎಷ್ಟು ಉದ್ದವೆಂದು ನಮ್ಮ ಮನೆಯವರನ್ನು ಕೇಳಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಹತ್ತಿರ ಬಂದರೆ ಥೈರಾಯ್ಡಿನದು ಮೈಗೆ ಹತ್ತುವುದಿಲ್ಲ.

ಇನ್ನು ‘ಊಟಕ್ಕೆ ಮುಂಚೆ’. ಮದುವೆ ಮನೆಯಲ್ಲಿ ಊಟ ಯಾವಾಗ ಎಂದು ಪುರೋಹಿತರಿಗೇ ಗೊತ್ತಿರುವುದಿಲ್ಲ, ನನ್ನ ಭಾವನವರಿಗೆ ಹೇಗೆ ಗೊತ್ತಾಗಬೇಕು? ಎಲೆ ಹಾಕುವ ಸದ್ದು ಕೇಳಿ ಶುಗರ್ ಮಾತ್ರೆ ನುಂಗಿದರು. ಮೊದಲ ಪಂಕ್ತಿ ಗಂಡಿನ ಕಡೆಯವರಿಗೆ ಎಂದರು. ಎರಡನೆಯದಕ್ಕೆ ಬಾಗಿಲಲ್ಲಿ ನೂಕುನುಗ್ಗಲು. ಮೂರನೆಯದಕ್ಕೆ ಕಾಯುವಾಗ ಭಾವನವರಿಗೆ ಬೆವರು, ಕೈ ನಡುಕ. ಯಾರೋ ಓಡಿಬಂದು ಎರಡು ಲೋಟ ಪಾನಕ ಕುಡಿಸಿದರು. ವರ್ಷಗಳಿಂದ ಸಿಹಿ ಮುಟ್ಟದ ಮನುಷ್ಯ ಅಂದು ಇನ್ನೊಂದು ಲೋಟ ಕೇಳಿ ಕುಡಿದರು. ಚೀಟಿಯಲ್ಲಿ ‘ಪಂಕ್ತಿಯಲ್ಲಿ ಕೂತ ಮೇಲೆ’ ಎಂದು ಬರೆದರೆ ಡಾಕ್ಟರ ಗಂಟೇನು ಹೋಗುತ್ತಿತ್ತು?

ಒಂದು ಸಂಗತಿ ಮಾತ್ರ ನನ್ನ ಲೆಕ್ಕಕ್ಕೆ ಹೊಂದುತ್ತಿಲ್ಲ. ಅಮೆರಿಕದ ಇಲಿನಾಯ್‌ನ ಡೇವಿಡ್ ವಾಗ್ನರ್ ಎಂಬ ಎಂಜಿನಿಯರಿಗೆ, ಹೆಂಡತಿ ಇವತ್ತಿನ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಳೋ ಇಲ್ಲವೋ ಎಂಬ ತಲೆನೋವಿತ್ತು. ವಾರದ ದಿನಗಳನ್ನು ತೋರಿಸುವ ದುಂಡನೆಯ ಡಬ್ಬಿ ಮಾಡಿ 1964ರಲ್ಲಿ ಪೇಟೆಂಟ್ ಪಡೆದ. ನಮ್ಮ ಸರ್ಕಾರದ ಮಾಲಾ-ಡಿ ನೋಡಿ: 28 ಮಾತ್ರೆ, ಅದರಲ್ಲಿ 7 ಬರೀ ಕಬ್ಬಿಣಾಂಶದ್ದು. ದಿನವೂ ನುಂಗುವ ರೂಢಿ ತಪ್ಪದಿರಲೆಂಬ ಮುಂದಾಲೋಚನೆ. ನೆನಪು ಗಟ್ಟಿಯಾಗಿರುವ ಪ್ರಾಯದವರಿಗೆ ಇಷ್ಟೆಲ್ಲ ಉಪಚಾರ. ಎಪ್ಪತ್ತು ದಾಟಿ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಹುಡುಕುವ ನಮಗೆ ಮಾತ್ರ ಒಂದೇ ಥರದ ಹತ್ತು ಬಿಳಿ ಗುಂಡು, ಬೋಳು ಹಾಳೆ! ಸ್ಮರಣಶಕ್ತಿಯ ಮೇಲೆ ತಾವಿಟ್ಟ ವಿಶ್ವಾಸಕ್ಕೆ ನಾಚಿಕೆಯಾಗುತ್ತದೆ ಸ್ವಾಮಿ.

ಆದ್ದರಿಂದ ಕೋರುವುದೇನೆಂದರೆ, ಪ್ರತಿ ಗುಂಡಿನ ಹಿಂದೆ ಸೋಮ, ಮಂಗಳ ಎಂದು ಅಚ್ಚು ಹಾಕಿಸಿ. ದಿನಾಂಕಕ್ಕೆ ಒಂದು ಹನಿ ಮಸಿ ಖರ್ಚು ಮಾಡಿ. ಎಲ್ಲ ಕಂಪನಿಯವರೂ ಕೂತು ಸ್ಟ್ರಿಪ್ಪಿಗೆ 30 ಮಾತ್ರೆ ಎಂದು ರಾಜಿಯಾಗಿ.

ಆಗದಿದ್ದರೆ ಬೇಸರವಿಲ್ಲ. 2100ನೇ ದಿನ ನಮ್ಮ ಮನೆಯಲ್ಲಿ ಹೋಳಿಗೆ ಊಟ, ತಾವು ದಯಮಾಡಿಸಬೇಕು. ಮೊದಲ ಪಂಕ್ತಿಯಲ್ಲೇ ಕೂರಿಸುತ್ತೇವೆ, ಊಟಕ್ಕೆ ಮುಂಚಿನದು ಏನಾದರೂ ಇದ್ದರೆ ಜೇಬಿನಲ್ಲಿಟ್ಟುಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ದಾಸ್ತಾನು ಗುಮಾಸ್ತ (ಗೌರವ)